ಕೂಡಿ ಮಾಡುವ ಕೆಲಸಕ್ಕೆ ಕೂಡಿಯೇ ತಾಲೀಮು

ಬೆಳೆಗಾರರ ಪತ್ರಿಕೆಗೆ ಸೈನ್ಯದ ಮಾತೇಕೆಂದು ಕೆಲವರು ಕೇಳಬಹುದು. ಭೂಸೇನೆಯ ಚುಕ್ಕಾಣಿ ಹಿಡಿದ ಕಾರ್ಯಪ್ಪನವರೂ ತಿಮ್ಮಯ್ಯನವರೂ ಕಾಫಿನಾಡಾದ ಕೊಡಗಿನವರು. ನಮ್ಮ ಸದಸ್ಯರಲ್ಲಿಯೂ ಸೈನಿಕರ ಮನೆಗಳುಂಟು. ಆದ್ದರಿಂದ ಇದು ನಮಗೆ ಹೊರಗಿನ ಮಾತಲ್ಲ.

ಒಂದನ್ನೊಂದು ನೆಚ್ಚಿ ದುಡಿಯಬೇಕಾದ ತಂಡಗಳು ತಮ್ಮ ತಮ್ಮಷ್ಟಕ್ಕೆ ಪಳಗಿದ್ದರೆ ಸಾಕೆ? ಸಾಲದೆಂಬುದಕ್ಕೆ 1980ರ ಏಪ್ರಿಲ್ 24ರ ರಾತ್ರಿ ಸಾಕ್ಷಿ. ಟೆಹರಾನಿನಲ್ಲಿ ಒತ್ತೆಯಲ್ಲಿದ್ದ ತನ್ನ ಪ್ರಜೆಗಳನ್ನು ಬಿಡಿಸಿಕೊಳ್ಳಲು ಅಮೆರಿಕ ಅಂದು ಪಡೆ ಕಳುಹಿಸಿತು. ದಾಳಿಯ ತಂಡ ಭೂಸೇನೆಯದು, ಹೆಲಿಕಾಪ್ಟರುಗಳು ನೌಕಾಪಡೆಯವು, ಅವುಗಳ ಚಾಲಕರು ಬಹುತೇಕ ಮೆರೀನ್ ದಳದವರು, ಇಂಧನ ಹೊತ್ತ ವಿಮಾನಗಳು ವಾಯುಪಡೆಯವು. ಎಲ್ಲರೂ ತಿಂಗಳುಗಟ್ಟಲೆ ಅಭ್ಯಾಸ ನಡೆಸಿದ್ದರು. ಆದರೆ ಗುಟ್ಟು ಹೊರಬೀಳದಿರಲೆಂದು, ಒಂದೆಡೆ ಕೂಡಿ ಮೊದಲಿನಿಂದ ಕೊನೆಯವರೆಗೆ ಒಮ್ಮೆಯೂ ಪೂರ್ಣ ತಾಲೀಮು ಮಾಡಲಿಲ್ಲ.

ಹೊರಟ 8 ಹೆಲಿಕಾಪ್ಟರುಗಳಲ್ಲಿ ಒಂದು ದಾರಿಯಲ್ಲೇ ಕೆಟ್ಟಿತು. ಇನ್ನೊಂದು ಧೂಳಿನ ಮೋಡಕ್ಕೆ ಸಿಕ್ಕಿ ಹಿಂದಿರುಗಿತು. ಮರುಭೂಮಿಯ ಇಳಿದಾಣದಲ್ಲಿ ಆಕಾಶ ತಿಳಿಯಾಗಿದೆಯೆಂಬ ಸುದ್ದಿ ಅದರ ಚಾಲಕನಿಗೆ ಮುಟ್ಟಿರಲಿಲ್ಲ. ತಲುಪಿದ 6ರಲ್ಲಿ ಮತ್ತೊಂದು ಕೆಟ್ಟಿತು. ಕನಿಷ್ಠ 6 ಬೇಕಾಗಿದ್ದರಿಂದ ಕೆಲಸವನ್ನೇ ಕೈಬಿಡಬೇಕಾಯಿತು. ಮರಳುವ ಸಿದ್ಧತೆಯಲ್ಲಿ ಹೆಲಿಕಾಪ್ಟರೊಂದು ವಿಮಾನಕ್ಕೆ ಬಡಿದು 8 ಮಂದಿ ಸತ್ತರು.

ಯಂತ್ರ ಕೆಟ್ಟದ್ದು ತಾಲೀಮಿನ ದೋಷವಲ್ಲ, ಒಪ್ಪೋಣ. ಆದರೆ ತಂಡ ತಂಡಗಳ ನಡುವಿನ ಬಿರುಕು ಪೂರ್ಣ ತಾಲೀಮಿನಲ್ಲಿ ಮಾತ್ರ ಕಣ್ಣಿಗೆ ಬೀಳುತ್ತದೆ. ಅಡ್ಮಿರಲ್ ಹಾಲೋವೇ ಅವರ ಸಮಿತಿಯೂ ಈ ಕೊರತೆಯನ್ನೇ ಎತ್ತಿ ತೋರಿಸಿತು. 1987ರಲ್ಲಿ ಅಮೆರಿಕ ತನ್ನ ವಿಶೇಷ ಪಡೆಗಳನ್ನು ಒಂದೇ ಅಧಿಪತ್ಯದಡಿ ತಂದಿತು.

ಅಡಿಕೆ ಬೆಳೆಗಾರರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮರದ ಮೇಲಿನ ಕೊನೆಗಾರ ಎಷ್ಟೇ ನುರಿತವನಾಗಲಿ, ಕೆಳಗೆ ಹಗ್ಗ ಹಿಡಿದವನೊಡನೆ ಕೈ ಕೂಡದಿದ್ದರೆ ಫಸಲು ಮಣ್ಣುಪಾಲು.

ನಮ್ಮ ದೇಶವೂ ಈ ದಾರಿಯಲ್ಲಿದೆ. ಖಡಕವಾಸ್ಲಾದಲ್ಲಿ ಮೂರೂ ಪಡೆಗಳ ಕೆಡೆಟ್ಟರು ಒಟ್ಟಿಗೆ ಕಲಿಯುತ್ತಾರೆ. 2001ರಲ್ಲಿ ಅಂಡಮಾನ್-ನಿಕೋಬಾರಿನಲ್ಲಿ ಮೂರೂ ಪಡೆಗಳ ಕೂಡು ಅಧಿಪತ್ಯ ಬಂತು. 2019ರಲ್ಲಿ ರಕ್ಷಣಾ ಪಡೆಗಳ ಮುಖ್ಯಸ್ಥರ ಹುದ್ದೆಗೆ ಮೊದಲ ನೇಮಕವಾಯಿತು. ಇವೆಲ್ಲ ಸ್ವಾಗತಾರ್ಹವೇ. ಆದರೆ ಹುದ್ದೆಗಳು ಆಜ್ಞೆಯನ್ನು ಒಂದುಗೂಡಿಸಬಲ್ಲವೇ ಹೊರತು ಕೈಗಳನ್ನಲ್ಲ. ನಾಳೆ ಜೊತೆಯಾಗಿ ಹೋರಾಡಬೇಕಾದವರು ಇಂದು ಜೊತೆಯಾಗಿ ಬೆವರು ಸುರಿಸಬೇಕು. ಅದರ ಖರ್ಚು ದೊಡ್ಡದು, ನಿಜ. ತಾಲೀಮಿಲ್ಲದೆ ಹೋದ ಪ್ರಾಣಗಳ ಬೆಲೆ ಅದಕ್ಕಿಂತ ದೊಡ್ಡದೆಂಬುದೇ ನಮ್ಮ ಅಭಿಪ್ರಾಯ.