ಕಾನೂನಿನ ಮೇಷ್ಟರೂ ಊರಿನ ಸಭೆಯೂ

ಪೌರಸಭೆಯ ಚುನಾವಣೆ ಬಂತೆಂದರೆ ಜಾತಿ ಯಾವುದು, ಗಂಟು ಎಷ್ಟು ಎಂದು ಕೇಳುವವರೇ ಹೆಚ್ಚು. ಕಾಯಿದೆ ಬಲ್ಲವನೇ ಎಂದು ಕೇಳುವವರು ವಿರಳ. ಆದ್ದರಿಂದ 2004ರಲ್ಲಿ ತೀರಿಕೊಂಡ ಪ್ರೊ. ಎಂ. ಡಿ. ನಂಜುಂಡಸ್ವಾಮಿಯವರ ಬಾಳನ್ನು ನೆನೆಯುವುದು ಉಚಿತ.

ಸಮಾಜವಾದಿ ಚಳವಳಿಯಲ್ಲಿ ಬೆಳೆದ ಅವರು ಕಾನೂನು ಪ್ರಾಧ್ಯಾಪಕರು. ತರಗತಿಯಲ್ಲೇ ನಿಲ್ಲದೆ ರಾಜ್ಯ ರೈತ ಸಂಘವನ್ನು ಕಟ್ಟಿದರು, ವಿಧಾನಸಭೆಯನ್ನೂ ಹೊಕ್ಕರು. 1993ರ ಜುಲೈಯಲ್ಲಿ ನಮ್ಮ ಬಳ್ಳಾರಿಯಲ್ಲೇ ಕಾರ್ಗಿಲ್ ಕಂಪನಿಯ ಬೀಜ ಘಟಕವನ್ನು ಅವರ ಸಂಘದ ರೈತರು ಕೆಡವಿದರು. ಆ ಮಾರ್ಗವನ್ನು ಒಪ್ಪದವರೂ ಒಪ್ಪಬೇಕಾದ ಮಾತೊಂದಿದೆ: ಡಂಕೆಲ್ ಕರಡಿನ ಕಲಮುಗಳು ನೇಗಿಲ ಸಾಲನ್ನು ಹೇಗೆ ಮುಟ್ಟುತ್ತವೆಂದು ರೈತನಿಗೆ ತಿಳಿಯ ಹೇಳಿದ ಮೇಷ್ಟರು ಅವರು.

ಕಲಮುಗಳನ್ನು ಹಾಗೆ ಓದುವ ಕಣ್ಣು ನಮ್ಮ ಪೌರಸಭೆಗಳಿಗೂ ಬೇಕು. ಅದೇ 1993ರ ಜೂನ್ 1ರಂದು ಸಂವಿಧಾನದ 74ನೆಯ ತಿದ್ದುಪಡಿ ಜಾರಿಗೆ ಬಂದಿತು. ನೀರು, ರಸ್ತೆ, ಕೊಳೆಗೇರಿ ಮೊದಲಾದ 18 ವಿಷಯಗಳ ಪಟ್ಟಿಯೇನೋ ಅದರಲ್ಲಿದೆ. ಆದರೆ ಆ ಅಧಿಕಾರವನ್ನು ಶಾಸನಸಭೆ ಪೌರಸಭೆಗಳಿಗೆ ‘ಕೊಡಬಹುದು’ ಎಂದಿದೆಯೇ ಹೊರತು ‘ಕೊಡಬೇಕು’ ಎಂದಿಲ್ಲ. ವಾರ್ಡು ಸಮಿತಿ ಕಡ್ಡಾಯವಾದುದೂ 3 ಲಕ್ಷ ಜನವಿರುವ ಊರುಗಳಿಗೆ. 2011ರ ಜನಗಣತಿಯಲ್ಲಿ ಹೊಸಪೇಟೆಯದು 2 ಲಕ್ಷ ಚಿಲ್ಲರೆ. ಸಂಡೂರು, ಕಂಪ್ಲಿಗಳ ಮಾತೇ ಬೇಡ.

ಹೀಗೇಕೆಂದು ಸಭೆಯಲ್ಲಿ ಎದ್ದು ಕೇಳುವವರು ಯಾರು? ಗಣಿ ಲಾರಿಯ ದೂಳು ಕುಡಿಯುವ ಸಂಡೂರಿನವನಿಗೂ, ಹಂಪಿ ನೋಡಬಂದವರು ಹೊಸಪೇಟೆಯಲ್ಲಿ ಬಿಟ್ಟುಹೋದ ಕಸ ಹೊರುವ ಪೌರಕಾರ್ಮಿಕನಿಗೂ ಅಂಥವರು ಬೇಕು. ಕಾಯಿದೆ ಕಲಿತವರು ಸಭೆಗೆ ಬರಲಿ. ಆದರೆ ಜನರ ನಡುವೆ ಹಾದು ಬರಲಿ. ಮತ ಕೇಳಲು ಬಂದವರನ್ನು ಈ ಸಲ ಕೇಳಿರಿ: ‘ಬಹುದು’ ಎಂಬುದನ್ನು ‘ಬೇಕು’ ಮಾಡಿಸಲು ನೀವೇನು ಮಾಡುತ್ತೀರಿ?