ಹಕ್ಕಿದೆ, ತಿಳಿಸುವವರಿಲ್ಲ
1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯು ಮಹಿಳೆಯರು, ಮಕ್ಕಳು ಹಾಗೂ ಬಂಧನದಲ್ಲಿರುವವರಿಗೆ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವಿನ ಹಕ್ಕನ್ನು ನೀಡಿದೆ. ಆದರೂ ಮಗನನ್ನು ಪೊಲೀಸರು ಕರೆದೊಯ್ದ ರಾತ್ರಿ ನಮ್ಮ ಬಡ ತಾಯಂದಿರು ಒಡವೆ ಅಡವಿಟ್ಟು ಮಧ್ಯವರ್ತಿಯ ಬಾಗಿಲು ತಟ್ಟುತ್ತಾರೆ.

ಈ ಕೊರತೆ ನೀಗಲೆಂದೇ 2009ರಲ್ಲಿ ಅರೆ ಕಾನೂನು ಸ್ವಯಂಸೇವಕರ ಯೋಜನೆ ರೂಪುಗೊಂಡಿತು. ಅದಕ್ಕೆ ಕಾನೂನು ಪದವಿ ಬೇಕಿಲ್ಲ; ತರಬೇತಿ ನೀಡಲಾಗುತ್ತದೆ. ಸ್ವಯಂಸೇವಕರು ನ್ಯಾಯಾಲಯದಲ್ಲಿ ವಾದಿಸಲಾರರು. ಆದರೆ ಅರ್ಜಿ ಬರೆದುಕೊಡಬಲ್ಲರು, ನೊಂದವರನ್ನು ವಕೀಲರ ಬಳಿಗೆ ತಲುಪಿಸಬಲ್ಲರು.

ಗೌರವಧನ ಅಲ್ಪವೆಂಬುದು ನಿಜ. ಆದರೆ ವ್ಯವಸ್ಥೆಯನ್ನು ದೂರುವುದರಲ್ಲಿ ಮುಂದಿರುವ ನಾವು ಅದನ್ನು ಅರಿಯುವುದರಲ್ಲೇಕೆ ಹಿಂದಿರಬೇಕು? ಪ್ರತಿ ಮೊಹಲ್ಲಾದಿಂದ ಒಬ್ಬ ಯುವಕ, ಒಬ್ಬ ಯುವತಿಯಾದರೂ ತಾಲೂಕು ಕಾನೂನು ಸೇವಾ ಸಮಿತಿಯ ಮೆಟ್ಟಿಲೇರಲಿ. ಪಿಯುಸಿ ಮುಗಿಸಿ ಮನೆಯಲ್ಲೇ ಉಳಿದ ಮಗಳನ್ನು ಕಳುಹಿಸಲು ಹೆತ್ತವರು ಹಿಂಜರಿಯದಿರಲಿ.