ರಾಳದ ಬಿಲ್ಲಿನಲ್ಲಿ ಮರದ ಹೆಸರಿರಲಿ

ಮುಡಬಿ, ಬಸವಕಲ್ಯಾಣ ಅಥವಾ ಹುಮನಾಬಾದಿನ ಕಿರಾಣಿ ಅಂಗಡಿಯಲ್ಲಿ ರಾಳ ಕೇಳಿದರೆ ಒಂದು ಪೊಟ್ಟಣ ಕೈಗೆ ಬರುತ್ತದೆ. ಅದು ಯಾವ ಮರದ ರಾಳವೆಂದು ಕೇಳಿದರೆ ಉತ್ತರ ಬರುವುದು ಅಪರೂಪ. ಇದರಲ್ಲಿ ಅಂಗಡಿಕಾರರ ತಪ್ಪೇನೂ ಇಲ್ಲ. ಸಗಟು ವರ್ತಕರ ಬಿಲ್ಲಿನಲ್ಲಿಯೇ ‘ರಾಳ, ಇಷ್ಟು ಕಿಲೋ’ ಎಂದಷ್ಟೇ ಬರೆದಿದ್ದರೆ ಅವರಾದರೂ ಏನು ಹೇಳಿಯಾರು? ಧೂಪ ಹಾಕುವ ಗ್ರಾಹಕನಿಗೆ ಇದರಿಂದ ದೊಡ್ಡ ನಷ್ಟವಿಲ್ಲ. ಆದರೆ ರಾಳವನ್ನು ಕಚ್ಚಾವಸ್ತುವಾಗಿ ಬಳಸುವವರಿಗೂ ಕಾಡಿನಲ್ಲಿ ಅದನ್ನು ಸಂಗ್ರಹಿಸುವವರಿಗೂ ಈ ಒಂದು ಪದದ ವಿವರಣೆಯಿಂದ ಆಗುತ್ತಿರುವ ಹಾನಿ ಸಣ್ಣದಲ್ಲ.

ಈ ಹೆಸರಿನಡಿ ಪರಸ್ಪರ ಸಂಬಂಧವಿಲ್ಲದ ಹಲವು ಪದಾರ್ಥಗಳು ಸೇರಿಕೊಂಡಿವೆ. ಪಶ್ಚಿಮಘಟ್ಟದ ನಿತ್ಯಹರಿದ್ವರ್ಣ ಕಾಡುಗಳಲ್ಲಿ ಮಾತ್ರ ಸಹಜವಾಗಿ ಬೆಳೆಯುವ ಸಾಲುಧೂಪದ ಮರದಿಂದ ಬಿಳಿ ಡಾಮರ್ ಎಂಬ ರಾಳ ದೊರೆಯುತ್ತದೆ. 1800–01ರಲ್ಲಿ ಮೈಸೂರು, ಕೆನರಾ ಮತ್ತು ಮಲಬಾರ್ ಪ್ರಾಂತಗಳನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಈ ಮರಕ್ಕೆ ಕೊಟ್ಟ ಸಸ್ಯನಾಮದಲ್ಲಿ ‘ಧೂಪದ’ ಎಂಬ ಕನ್ನಡ ಪದವೇ ಸೇರಿಕೊಂಡಿದೆ. ಅದೇ ಕಾಡುಗಳಲ್ಲಿ ಬೆಳೆಯುವ ಕರಿಧೂಪದ ಮರ ಬೇರೆಯೇ ಸಸ್ಯಕುಟುಂಬಕ್ಕೆ ಸೇರಿದ್ದು. ಅದರ ರಾಳ ಕರಿ ಡಾಮರ್. ಇಂಡೋನೇಷ್ಯಾದ ಸುಮಾತ್ರದಲ್ಲಿ ರೈತರು ತೋಟಗಳಲ್ಲಿ ಬೆಳೆಸುವ ಮರಗಳ ಡಾಮರ್ ಮತ್ತೊಂದು. ಇವೆಲ್ಲಕ್ಕಿಂತ ಅಗ್ಗದ್ದು ಪೈನ್ ಮರದ ಅಂಟಿನಿಂದ ಟರ್ಪಂಟೈನ್ ತೆಗೆದ ಮೇಲೆ ಉಳಿಯುವ ರೋಸಿನ್. ಡಾಮರ್ ಎಂಬುದು ಮಲಯ ಭಾಷೆಯ ಪದ. ರಸ್ತೆಗೆ ಸುರಿಯುವ ಡಾಂಬರಿಗೂ ಅದೇ ಹೆಸರು ಅಂಟಿಕೊಂಡಿರುವುದನ್ನು ನೋಡಿದರೆ ಈ ಗೊಂದಲ ಇಂದು ನಿನ್ನೆಯದಲ್ಲವೆಂದು ತಿಳಿಯುತ್ತದೆ.

ವ್ಯತ್ಯಾಸ ಎಷ್ಟು ಮುಖ್ಯವೆಂಬುದು ಚಿತ್ರಕಲೆಯ ಕ್ಷೇತ್ರದಲ್ಲಿ ಸ್ಪಷ್ಟವಾಗುತ್ತದೆ. ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧದಿಂದ ಯುರೋಪಿನ ಕಲಾವಿದರು ಟರ್ಪಂಟೈನಿನಲ್ಲಿ ಕರಗಿಸಿದ ಡಾಮರನ್ನು ತೈಲಚಿತ್ರಗಳ ಮೇಲೆ ವಾರ್ನಿಶ್ ಆಗಿ ಬಳಿಯುತ್ತ ಬಂದರು. ಕಾಲಕ್ರಮದಲ್ಲಿ ಅದು ಹಳದಿಯಾಗುತ್ತದೆ, ನಿಜ; ಆದರೆ ತಜ್ಞರು ಸೂಕ್ತ ದ್ರಾವಕದಿಂದ ಅದನ್ನು ತೆಗೆದು ಹೊಸ ಲೇಪ ಕೊಡಬಲ್ಲರು. ಹಳೆಯ ಕ್ಯಾನ್ವಾಸಿನ ಹಿಂಬದಿಗೆ ಹೊಸ ಬಟ್ಟೆ ಅಂಟಿಸಲು ಜೇನುಮೇಣದೊಂದಿಗೆ ಡಾಮರ್ ಬೆರೆಸುವ ಪದ್ಧತಿಯೂ ಬಹುಕಾಲ ನಡೆಯಿತು. ಇಂದು ಕೃತಕ ರಾಳಗಳು ಈ ಸ್ಥಾನವನ್ನು ಬಹುಪಾಲು ಆಕ್ರಮಿಸಿದ್ದರೂ ಡಾಮರಿನ ಬಳಕೆ ನಿಂತಿಲ್ಲ. ಅಂತಹ ಕೆಲಸಕ್ಕೆ ಡಾಮರಿನ ಹೆಸರಿನಲ್ಲಿ ರೋಸಿನ್ ಹೋದರೆ ಲೇಪ ಬೇಗ ಕಂದುತ್ತದೆ, ಬಿರುಕು ಬಿಡುತ್ತದೆ. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿರುವ ರವಿವರ್ಮನ ಚಿತ್ರಗಳಂತಹ ಕೃತಿಗಳನ್ನು ಕಾಪಾಡುವ ಹೊಣೆ ಹೊತ್ತವರು ‘ರಾಳ, ಒಂದು ಕಿಲೋ’ ಎಂಬ ಬಿಲ್ಲನ್ನು ನಂಬಿ ಸರಕು ಕೊಳ್ಳಲಾರರು. ವಿದೇಶೀ ಡಾಮರ್ ಗಾತ್ರ ಮತ್ತು ಶುಚಿತ್ವದ ಪ್ರಕಾರ ಶ್ರೇಣಿಗಳಾಗಿ ವಿಂಗಡಣೆಗೊಂಡು ಬರುವಾಗ ಅವರು ಅದರತ್ತ ತಿರುಗಿದರೆ ಆಶ್ಚರ್ಯವೇನು?

ಇಷ್ಟು ದೂರ ಹೋಗಬೇಕಾದ ಅಗತ್ಯವೂ ಇಲ್ಲ. ಬೀದರಿನ ಬಿದ್ರಿ ಕುಶಲಕರ್ಮಿಗಳು ಎರಕದ ಅಚ್ಚಿನ ಮಣ್ಣನ್ನು ಹರಳೆಣ್ಣೆ ಮತ್ತು ರಾಳ ಸೇರಿಸಿಯೇ ಹದಗೊಳಿಸುತ್ತಾರೆ. ಚಿತ್ತಾರ ಕೊರೆಯುವಾಗ ಪಾತ್ರೆ ಅಲುಗಾಡದಂತೆ ಕೂರಿಸಲೂ ಮೇಣ ಮತ್ತು ರಾಳ ಬೇಕು. ಇಲ್ಲಿ ಅತ್ಯುತ್ತಮ ದರ್ಜೆಯ ರಾಳವೇ ಬೇಕೆಂದಿಲ್ಲ. ಕಳೆದ ಸಲದ ಸರಕೇ ಈ ಸಲವೂ ಬರಬೇಕು. ಹದ ತಪ್ಪಿದರೆ ನಷ್ಟ ಕುಶಲಕರ್ಮಿಯದು. ಬಿದ್ರಿಗೆ ಭೌಗೋಳಿಕ ಸೂಚಕದ ಮಾನ್ಯತೆ ದೊರೆತು ಸುಮಾರು ಎರಡು ದಶಕಗಳಾದವು. ಮಾರಾಟವಾಗುವ ವಸ್ತುವಿಗೆ ಊರಿನ ಹೆಸರು ಕಾನೂನಿನ ರಕ್ಷಣೆ ಪಡೆದಿರುವಾಗ, ಅದರ ಕಚ್ಚಾವಸ್ತುವಿಗೆ ಹೆಸರೇ ಇಲ್ಲದಿರುವುದು ವಿಚಿತ್ರ.

ಲೆಕ್ಕಪತ್ರದ ದೃಷ್ಟಿಯಿಂದಲೂ ವಿಷಯ ಗಂಭೀರವಾಗಿದೆ. ಸರಕು ಮತ್ತು ಸೇವಾ ತೆರಿಗೆಯಲ್ಲಿ ನೈಸರ್ಗಿಕ ಗೋಂದು ಮತ್ತು ರಾಳಗಳು 1301ನೆಯ ಶೀರ್ಷಿಕೆಗೆ ಸೇರಿದರೆ ರೋಸಿನ್ 3806ಕ್ಕೆ ಸೇರುತ್ತದೆ. ಎರಡರ ತೆರಿಗೆ ದರ ಒಂದೇ ಅಲ್ಲ. ರೋಸಿನ್ ತರಿಸಿ ‘ರಾಳ’ ಎಂದು ಕಡಿಮೆ ದರದಲ್ಲಿ ಮಾರಿದ ವರ್ತಕನಿಗೆ ಪರಿಶೋಧನೆಯ ವೇಳೆ ವ್ಯತ್ಯಾಸದ ಮೊತ್ತವನ್ನು ಬಡ್ಡಿಸಹಿತ ಕಟ್ಟುವ ಪ್ರಸಂಗ ಬರಬಹುದು. ತಿಳಿಯದೆ ಮಾಡಿದೆನೆಂಬ ಸಮಜಾಯಿಷಿ ಅಲ್ಲಿ ನಡೆಯದು. ಇನ್ನೊಂದೆಡೆ, 1301 ಎಂಬ ನಾಲ್ಕು ಅಂಕಿಗಳಲ್ಲಿ ಅರಬ್ಬಿ ಗೋಂದು, ಇಂಗು, ಡಾಮರ್ ಎಲ್ಲವೂ ಅಡಗಿವೆ. 2021ರ ಏಪ್ರಿಲ್ 1ರಿಂದ ಐದು ಕೋಟಿ ರೂಪಾಯಿವರೆಗಿನ ವಹಿವಾಟಿನವರಿಗೆ ಬಿಲ್ಲಿನಲ್ಲಿ ನಾಲ್ಕು ಅಂಕಿಗಳು ಸಾಕು. ಅಷ್ಟರಿಂದ ಇಲಾಖೆಗೆ ತೃಪ್ತಿಯಾದೀತು, ಕೊಳ್ಳುವವನಿಗೆ ಆಗದು.

ಈ ಸರಪಳಿಯ ಮೊದಲ ಕೊಂಡಿ ಕಾಡಿನಲ್ಲಿದೆ. 2006ರ ಅರಣ್ಯ ಹಕ್ಕು ಕಾಯ್ದೆ ಕಿರು ಅರಣ್ಯ ಉತ್ಪನ್ನಗಳ ಮೇಲೆ ಅರಣ್ಯವಾಸಿಗಳಿಗೆ ಒಡೆತನದ ಹಕ್ಕು ನೀಡಿದೆ. ಹಕ್ಕು ಬಂದರೂ ದರ ಬರಬೇಕಾದರೆ ಸರಕಿಗೆ ಗುರುತಿರಬೇಕು. ಶುಭ್ರವಾದ ಹರಳುಗಳನ್ನು ಆರಿಸಿ ತಂದವನಿಗೂ ತೊಗಟೆ, ಮಣ್ಣು ಬೆರೆಸಿ ತಂದವನಿಗೂ ಒಂದೇ ದರ ಸಿಗುವುದಾದರೆ ಆರಿಸುವ ಶ್ರಮವನ್ನು ಯಾರು ಪಡುತ್ತಾರೆ? ತೂಕವೊಂದನ್ನೇ ಕೇಳುವ ಮಾರುಕಟ್ಟೆ ಮರಕ್ಕೂ ಒಳ್ಳೆಯದಲ್ಲ. ಕರಿಧೂಪದ ಮರದ ಬುಡವನ್ನು ಕಡಿದು, ಬೆಂಕಿಯಿಟ್ಟು ಹೆಚ್ಚು ರಾಳ ಸುರಿಸುವ ಪದ್ಧತಿಯಿಂದ ಮರವೇ ಸಾಯುವುದುಂಟು.

ಕಾಡಿನ ಇಂಥದೇ ಒಂದು ಸರಕಿಗೆ ಹಿಂದೊಮ್ಮೆ ಒಳ್ಳೆಯ ದಾರಿ ದೊರೆತಿತ್ತು. ಅರಗು ಮರದ ರಾಳವಲ್ಲ, ಕೀಟದ ಸ್ರಾವ. ಆದರೂ ಅದನ್ನು ನಂಬಿಯೇ 1937ರಲ್ಲಿ ಮೈಸೂರಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಅರಗು ಮತ್ತು ಬಣ್ಣದ ಕಾರ್ಖಾನೆ ಆರಂಭವಾಯಿತು. ಚುನಾವಣೆಯ ಶಾಯಿಗೆ ಪ್ರಸಿದ್ಧವಾಗಿರುವ ಇಂದಿನ ಮೈಸೂರು ಪೇಂಟ್ಸ್ ಅಂಡ್ ವಾರ್ನಿಶ್ ಸಂಸ್ಥೆ ಅದೇ.

ರಾಳದ ವಿಷಯದಲ್ಲಿ ಕಾರ್ಖಾನೆಗೆ ಕಾಯಬೇಕಿಲ್ಲ. ಸಗಟು ವರ್ತಕರು ಬಿಲ್ಲಿನಲ್ಲಿ ಮರದ ಹೆಸರು, ಬಂದ ಪ್ರದೇಶ ಮತ್ತು ದರ್ಜೆ ಎಂಬ ಮೂರು ವಿವರಗಳನ್ನು ಬರೆಯಲು ಒಪ್ಪಿದರೆ ಸಾಕು. ಹಾಗೆ ಬರೆಯದ ಬಿಲ್ಲನ್ನು ಈ ಭಾಗದ ಚಿಲ್ಲರೆ ವರ್ತಕರು ಹಿಂದಿರುಗಿಸಬೇಕು. ಸಂಶಯ ಬಂದಾಗ ಪ್ರಾಥಮಿಕ ಪರೀಕ್ಷೆಗೆ ಹೆಚ್ಚಿನ ಖರ್ಚಿಲ್ಲ: ಪುಡಿ ಮಾಡಿದ ರಾಳವನ್ನು ಶುದ್ಧ ಸ್ಪಿರಿಟ್ಟಿನಲ್ಲಿ ಹಾಕಿ ಕಲಕಿದರೆ ರೋಸಿನ್ ಪೂರ್ತಿ ಕರಗುತ್ತದೆ, ಡಾಮರ್ ಸ್ವಲ್ಪ ಭಾಗ ಮಾತ್ರ ಕರಗಿ, ಉಳಿದದ್ದು ಬಿಳಿಯಾಗಿ ತಳದಲ್ಲಿ ನಿಲ್ಲುತ್ತದೆ. ಟರ್ಪಂಟೈನಿನಲ್ಲಿ ಎರಡೂ ಕರಗುವುದರಿಂದ ಅದರಿಂದ ಪರೀಕ್ಷಿಸಿ ಪ್ರಯೋಜನವಿಲ್ಲ.